ವಿಮಾನದಲ್ಲಿ ಮಗುವಿನ ಮೇಲೆ ಚಹಾ ಚೆಲ್ಲಿದರೆ

ದಿಲ್ಲಿಯಿಂದ ಹುಬ್ಬಳ್ಳಿಗೆ ವಾಪಸ್ ಬರುತ್ತಿದ್ದೆವು. ಮಗಳಿಗೆ ಆಗ ಎರಡೂವರೆ ವರ್ಷ. ನಾನು ಮುಂದಿಟ್ಟುಕೊಂಡಿದ್ದ ಚಹಾದ ಕಪ್ಪಿಗೆ ಅವಳ ಕೈ ತಾಗಿ, ಅಷ್ಟೂ ಚಹಾ ತೊಡೆಯ ಮೇಲೆ ಚೆಲ್ಲಿತು. ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಇಳಿಯಲು ಇನ್ನೂ ಒಂದೂವರೆ ತಾಸು ಇತ್ತು. ಅವತ್ತು ನಾನು ಮಾಡಿದ್ದು, ಆಮೇಲೆ ಡಾಕ್ಟರು ತಿದ್ದಿ ಹೇಳಿದ್ದು ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಬಟ್ಟೆ ತೆಗೆಯಿರಿ. ನಾನು ಬಟನ್ ಒತ್ತಿ ಸಿಬ್ಬಂದಿಗಾಗಿ ಕಾದೆ. ಅದು ತಪ್ಪು. ನೆನೆದ ಲೆಗ್ಗಿಂಗ್ಸ್, ಡಯಾಪರ್ ಬಿಸಿಯನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಸುಡುತ್ತಲೇ ಇರುತ್ತವೆ. ಚರ್ಮಕ್ಕೇ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ. ಬಟನ್ ಒತ್ತಲು ಪಕ್ಕದವರಿಗೆ ಹೇಳಿ.

ಆಮೇಲೆ ನೀರು. ಸಾದಾ ತಣ್ಣೀರು, 20 ನಿಮಿಷ. ಮನೆಯಲ್ಲಾದರೆ ನಲ್ಲಿ ಕೆಳಗೆ ಹಿಡಿಯಬಹುದು. ವಿಮಾನದ ಶೌಚಾಲಯದ ಪುಟ್ಟ ಬೇಸಿನ್‌ನಲ್ಲಿ ಮಗುವಿನ ತೊಡೆ ಹಿಡಿಯೋದು ಹೇಗೆ? ಸೀಟಿನಲ್ಲೇ ಟವೆಲ್ ಹಾಸಿ, ಬಾಟಲಿ ನೀರನ್ನು ಸಣ್ಣಗೆ ಹುಯ್ಯುತ್ತಾ ಇರಿ. ನೀರು ಕಡಿಮೆ ಇದ್ದರೆ ಒದ್ದೆ ಬಟ್ಟೆ ಇಟ್ಟು, ಅದು ಬೆಚ್ಚಗಾದ ಕೂಡಲೇ ಬದಲಿಸಿ. ಮಗು ಅಳುವಾಗ ಐದೇ ನಿಮಿಷಕ್ಕೆ ಸಾಕು ಅನಿಸುತ್ತದೆ. ಗಡಿಯಾರ ನೋಡಿಕೊಂಡೇ ಮಾಡಿ. ತಡವಾಗಿದ್ದರೂ 3 ತಾಸಿನೊಳಗೆ ತಂಪು ಮಾಡಿದರೆ ಉಪಯೋಗ ಇದೆ. ಉಳಿದ ಮೈ ಮಾತ್ರ ಬೆಚ್ಚಗಿರಲಿ, ಎಸಿಗೆ ಚಿಕ್ಕ ಮಕ್ಕಳು ಬೇಗ ನಡುಗುತ್ತಾರೆ. ನಮ್ಮತ್ತೆ ಹೊಲಿದ ಸಣ್ಣ ಕೌದಿ ಅವತ್ತು ಕೈ ಹಿಡಿಯಿತು.

ಹಿಂದಿನ ಸೀಟಿನ ಅಜ್ಜಿ ಪ್ರೀತಿಯಿಂದಲೇ, “ಯವ್ವಾ, ಐಸ್ ಇಡು, ತಂಪಾಗತೈತಿ” ಅಂದರು. ಇಡಬೇಡಿ. ಸುಟ್ಟ ಚರ್ಮಕ್ಕೆ ಐಸ್ ಇನ್ನಷ್ಟು ಪೆಟ್ಟು ಕೊಡುತ್ತದೆ. ಅರಿಶಿನ, ಟೂತ್‌ಪೇಸ್ಟ್, ತುಪ್ಪವೂ ಬೇಡ. ಡಾಕ್ಟರು ಗಾಯ ನೋಡುವ ಮೊದಲು ಅದನ್ನೆಲ್ಲ ಒರೆಸಿ ತೆಗೆಯಬೇಕಾಗುತ್ತದೆ, ಆ ನೋವು ಮಗುವಿಗೇ ಅಲ್ವಾ? ಬೊಬ್ಬೆ ಎದ್ದರೆ ಒಡೆಯಬೇಡಿ.

ಸಿಬ್ಬಂದಿ ಬಂದ ಮೇಲೆ ಮೂರು ವಿಷಯ ಕೇಳಿ: ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪ್ರಯಾಣಿಕರಲ್ಲಿ ಡಾಕ್ಟರ್ ಇದ್ದಾರಾ ಅಂತ ಒಂದು ಘೋಷಣೆ, ಇಳಿಯುವ ನಿಲ್ದಾಣಕ್ಕೆ ಪೈಲಟ್ ಕಡೆಯಿಂದ ಮುಂಚಿತ ಸುದ್ದಿ. ವಿಮಾನ ಜಾಸ್ತಿ ಕುಲುಕಿದರೆ ಸಿಬ್ಬಂದಿಯೂ ಬೆಲ್ಟ್ ಹಾಕಿ ಕೂರಬೇಕಾಗುತ್ತದೆ. ಆಗ ನಿಮ್ಮ ಕೈಗೆ ಸಿಗುವುದಷ್ಟೇ ನಿಮಗೆ ಆಸರೆ. ಮೇಲಿನ ಗೂಡಿನಲ್ಲಿ ಇಟ್ಟ ಬ್ಯಾಗು ಇದ್ದೂ ಇಲ್ಲದ ಹಾಗೆ.

ತಂಪು ಮಾಡಿದ ಮೇಲೆ ಅಂಟದ ಶುಭ್ರ ಬಟ್ಟೆಯಿಂದ ಗಾಯವನ್ನು ಸಡಿಲವಾಗಿ ಮುಚ್ಚಿ. ಮುಖ, ಕೈ, ಪಾದ, ಜನನಾಂಗ ಸುಟ್ಟಿದ್ದರೆ, ಬೊಬ್ಬೆ ಎದ್ದಿದ್ದರೆ, ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ. ನಾವೂ ಲಗೇಜಿಗೆ ಅಣ್ಣನನ್ನು ಬಿಟ್ಟು ಹಾಗೇ ಹೋದೆವು.

ಬೇರೆ ಪೆಟ್ಟುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ಮೇಲಿಂದ ಬ್ಯಾಗು ತಲೆಗೆ ಬಿದ್ದ ಮಗು ವಾಂತಿ ಮಾಡಿಕೊಂಡರೆ, ಎಬ್ಬಿಸಿದರೂ ಏಳದೆ ಮಂಕಾದರೆ, ತಕ್ಷಣ ಸಿಬ್ಬಂದಿಗೆ ಹೇಳಿ.

ಈಗ ನನ್ನ ಕಾಲ ಬಳಿಯ ಚೀಲದಲ್ಲಿ ಎರಡು ಹತ್ತಿ ಬಟ್ಟೆ, ತಪಾಸಣೆ ದಾಟಿದ ಮೇಲೆ ತುಂಬಿಸಿದ ನೀರಿನ ಬಾಟಲಿ, ಮಗಳ ತೂಕಕ್ಕೆ ಡಾಕ್ಟರು ಬರೆದುಕೊಟ್ಟ ಪ್ಯಾರಸಿಟಮಾಲ್ ಸಿರಪ್ ಇರುತ್ತದೆ. ಅವಳು ಕಿಟಕಿ ಬದಿಗೆ ಕೂರುತ್ತಾಳೆ. ಟ್ರಾಲಿ ಓಡಾಡುವ ಬದಿಗೆ ನಾನು.