ನೆರಳನ್ನು ಬೇರೆ ಮಾಡಿದ ಮೇಲೆ ಕಣಿವೆ ಕಂಡಿತು

ಒಂದು ಬೆಟ್ಟದ ಕಣಿವೆಯ ಕಾಡು, ಹೊಳೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿವೆ ಎಂದು ಉಪಗ್ರಹ ಚಿತ್ರಗಳಿಂದ ಅಳೆಯಲು ಹೊರಟಿದ್ದೆ. "30 ಮೀಟರ್ ಪಿಕ್ಸೆಲ್ ಇಟ್ಟುಕೊಂಡು ಬೆಟ್ಟದ ಕಣಿವೆ ಅಳೆಯೋಕೆ ಆಗಲ್ಲ, ದುಡ್ಡು ಕೊಟ್ಟು ಹೈ ರೆಸಲ್ಯೂಷನ್ ಚಿತ್ರ ತಗೋ" ಎಂದವರೇ ಜಾಸ್ತಿ. ಅಂದರೆ ಚಿತ್ರದ ಒಂದೊಂದು ಚುಕ್ಕೆಯೂ ನೆಲದ 30 ಮೀಟರ್ ಚೌಕ. ನಾನೂ ನಂಬಿ ಎರಡು ಚಿತ್ರ ಕೊಂಡೆ. ವರ್ಷದ ಬಜೆಟ್‌ನ ಮುಕ್ಕಾಲು ಪಾಲು ಅಲ್ಲೇ ಕರಗಿತು. ಒಂದರಲ್ಲಿ ಮೋಡ ಬರೀ ಶೇ. 12ರಷ್ಟು, ಒಪ್ಪಂದದ ಮಿತಿಯೊಳಗೇ ಇತ್ತು. ಆದರೆ ಆ ಅಷ್ಟೂ ಮೋಡ ನನ್ನ ಹೊಳೆಯ ಮೇಲೇ ಕೂತಿತ್ತು! ಹಣ ವಾಪಸ್ ಬರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮತ್ತೆ ಆ 30 ಮೀಟರ್ ಚಿತ್ರ ಕೊಡುವ ಅಮೆರಿಕದ ಉಪಗ್ರಹ ಸರಣಿ ಲ್ಯಾಂಡ್‌ಸ್ಯಾಟ್‌ಗೇ ಬಂದೆ. 2008ರಿಂದ ಅದು ಪುಕ್ಕಟೆ ತಾನೇ. ಲ್ಯಾಂಡ್‌ಸ್ಯಾಟ್ 5 ಹಾರಿದ 1984ರಿಂದ ಲೆಕ್ಕ ಹಿಡಿದೆ. ಒಂದೊಂದು ವರ್ಷವನ್ನೂ ಬೇರೆ ಬೇರೆ ಕ್ಲಾಸಿಫೈ ಮಾಡಿ (ಪ್ರತಿ ಪಿಕ್ಸೆಲ್‌ಗೂ ಕಾಡು, ನೀರು ಎಂದು ಹೆಸರು ಹಚ್ಚಿ), ಆಮೇಲೆ ಹೋಲಿಸುವ ಹಳೇ ದಾರಿ. ಕಾಡು ಉಯ್ಯಾಲೆಯ ಹಾಗೆ ಏರಿಳಿಯಿತು. ಬಿಸಿಲಿಗೆ ಬೆನ್ನು ಹಾಕಿದ ಇಳಿಜಾರು ಒಂದು ವರ್ಷ ಕಾಡು, ಮರುವರ್ಷ ನೀರು.

ಜಿಪಿಎಸ್ ಹಿಡಿದು ಅಂಥ ಒಂದು ಜಾಗಕ್ಕೆ ಹೋದೆ. ನಕ್ಷೆ 'ನೀರು' ಅನ್ನುತ್ತಿತ್ತು. ಕಾಲ ಕೆಳಗೆ ಒಣ ಎಲೆ ಚರಚರ ಅನ್ನುತ್ತಿತ್ತು. ಬೆಳಿಗ್ಗೆ ಹತ್ತರ ಸುಮಾರು, ಅಂದರೆ ಉಪಗ್ರಹ ಹಾದುಹೋಗುವ ಹೊತ್ತು. ಮೇಲಿನ ಬಂಡೆಯ ನೆರಳು ಹೊಳೆ ದಾಟಿ ಆಚೆ ದಡದವರೆಗೆ ಚಾಚಿತ್ತು. ಇಳಿಜಾರಿನ ಬೆಳಕಿನ ವ್ಯತ್ಯಾಸ ಸರಿದೂಗಿಸುವ ಸಿ-ಕರೆಕ್ಷನ್ ಲೆಕ್ಕವನ್ನೇನೋ ಮಾಡಿದ್ದೆ, ಆದರೆ ಅಷ್ಟು ದಟ್ಟ ನೆರಳಿಗೆ ಅದು ಯಾವ ಮೂಲೆಗೂ ಸಾಲಲ್ಲ.

ವಾಪಸ್ ಬಂದು ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ) ಎತ್ತರದ ದತ್ತಾಂಶ, ಸೂರ್ಯನ ಕೋನ ಎರಡನ್ನೂ ಸೇರಿಸಿ ಕಣಿವೆಯನ್ನು ಮೂರು ಭಾಗ ಮಾಡಿದೆ: ಬಿಸಿಲು, ಅರೆನೆರಳು, ಪೂರ್ತಿ ನೆರಳು. ಮೊದಲೆರಡಕ್ಕೆ ಬೇರೆ ಬೇರೆ ಸ್ಯಾಂಪಲ್, ಬೇರೆ ಬೇರೆ ರ್‍ಯಾಂಡಮ್ ಫಾರೆಸ್ಟ್ (ಸ್ಯಾಂಪಲ್ ನೋಡಿ ಕಲಿತು ಪಿಕ್ಸೆಲ್ ವಿಂಗಡಿಸುವ ಕಂಪ್ಯೂಟರ್ ವಿಧಾನ). ಮೂರನೆಯದನ್ನು ಆ ವರ್ಷಕ್ಕೆ ಕೈಬಿಟ್ಟೆ. ಗಡಿ ಯಾವ ಕೋನಕ್ಕೆ ಹಾಕಿದೆ ಎಂಬುದು ಸದ್ಯ ನನ್ನ ಹತ್ತಿರವೇ ಇರಲಿ. ಜೊತೆಗೆ ಇನ್ನೊಂದು ನಿಯಮ: ಬದಲಾವಣೆ ಮೂರು ವರ್ಷ ನಿಂತರೆ ಮಾತ್ರ ಲೆಕ್ಕಕ್ಕೆ. ಸುಳ್ಳು ಬದಲಾವಣೆ ಮುಕ್ಕಾಲು ಪಾಲು ಅಲ್ಲೇ ಸತ್ತಿತು. ಹೊಳೆ ನಡುವಿನ ಜಲ್ಲಿ ದಿಬ್ಬಗಳಿಗೆ ಮಾತ್ರ ಈ ನಿಯಮ ಹೊಂದಲಿಲ್ಲ. ಪ್ರತಿ ಪ್ರವಾಹಕ್ಕೂ ಅವು ಜಾಗ ಬದಲಿಸುತ್ತವೆ ಅಲ್ವಾ? ಅಲ್ಲಿ ಒಂದು ಪಿಕ್ಸೆಲ್ ಎಷ್ಟು ವರ್ಷ ನೀರಾಗಿತ್ತು ಎಂದಷ್ಟೇ ಎಣಿಸಿದೆ. 2003ರ ಮೇನಲ್ಲಿ ಲ್ಯಾಂಡ್‌ಸ್ಯಾಟ್ 7ರ ಒಂದು ಭಾಗ ಕೆಟ್ಟ ಮೇಲೆ ಅದರ ಚಿತ್ರಗಳಲ್ಲಿ ಬಂದ ಖಾಲಿ ಪಟ್ಟೆಗಳಿಗೆ, ಮೂರು ತಿಂಗಳ ಚಿತ್ರಗಳ ಮೀಡಿಯನ್ (ನಡುವಿನ ಬೆಲೆ) ಸಾಕಾಯಿತು.

ನಡುವೆ ಯುರೋಪಿನ ಉಪಗ್ರಹ ಸೆಂಟಿನೆಲ್-1ರ ರಾಡಾರ್ ಹುಚ್ಚೂ ಹಿಡಿದಿತ್ತು. ಮೋಡದ ಕಾಟ ಇಲ್ಲ, ನಿಜ. ಆದರೆ ರಾಡಾರ್ ಕಡೆ ಮುಖ ಮಾಡಿದ ಕಡಿದಾದ ಇಳಿಜಾರೆಲ್ಲ ಮಡಚಿ ಒಂದರ ಮೇಲೊಂದು ಬೀಳುತ್ತದೆ. ಆರು ವಾರ ದಂಡ. ಅದೇ ಸರಣಿಯ, ಬೆಳಕಿನಲ್ಲಿ ಚಿತ್ರ ತೆಗೆಯುವ ಸೆಂಟಿನೆಲ್-2ರಲ್ಲಿ ಆದದ್ದು ಇನ್ನೂ ನಾಚಿಕೆಗೇಡು. 2022ರ ಜನವರಿ 25ರಿಂದ ಅದರ ಪಿಕ್ಸೆಲ್ ಅಂಕೆಗಳಿಗೆಲ್ಲ 1000 ಸೇರಿಸಿ ಕೊಡುತ್ತಾರೆ, ಕಳೆದುಕೊಂಡು ಬಳಸಬೇಕು. ನಾನು ಕಳೆದಿರಲಿಲ್ಲ. ಒಂದೇ ವರ್ಷದಲ್ಲಿ ಇಡೀ ಕಣಿವೆಯ ಎನ್‌ಡಿವಿಐ (ಹಸಿರಿನ ಅಳತೆ) ಕುಸಿಯಿತು. ಕಾಡು ಒಣಗುತ್ತಿದೆ ಎಂದು ವರದಿ ಬರೆಯಲು ಕೂತೇಬಿಟ್ಟಿದ್ದೆ! ಆಳದ ಮಡುವಿನ ನೀರೂ ಇದ್ದಕ್ಕಿದ್ದಂತೆ ಬೆಳಗಿದ್ದು ನೋಡಿ ಅನುಮಾನ ಬಂತು.

ಕೊನೆಗೆ ಇನ್ನೂರು ಚಿಲ್ಲರೆ ಜಾಗ ನಡೆದು ನೋಡಿದೆ. ನೂರೆಂಬತ್ತರ ಹತ್ತಿರ ತಾಳೆಯಾದವು. ಆಗಲ್ಲ ಎಂದಿದ್ದವರೇ ಈಗ ಕೋಡ್ ಕೇಳುತ್ತಿದ್ದಾರೆ. ತಪ್ಪಿದವುಗಳಲ್ಲಿ ಹೆಚ್ಚಿನವು ಎಳೆ ಕಾಡು ಮತ್ತು ಪೊದೆಯ ನಡುವಿನ ಗೊಂದಲ, ಅದರ ಮೇಲೆ ಈಗ ಕೂತಿದ್ದೇನೆ.