ಸಂಜೆ ಹೊತ್ತಿಗೆ ಲಲಿತ್ ಬರದಂತೆ ಶಫಲ್ ಹಚ್ಚುವುದು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಸಂಜೆ ಮಕ್ಕಳಿಗೆ ಹಿಂದೂಸ್ತಾನಿ ಹಾಡು ಹೇಳಿಕೊಡುತ್ತೇನೆ. ಪಾಠಕ್ಕೆ ಮುಂಚೆ ಅರ್ಧ ತಾಸು ಫೋನಿನಿಂದ ಸ್ಪೀಕರಿಗೆ ಶಫಲ್ ಹಚ್ಚಿಡುವುದು ರೂಢಿ, ಅಂದರೆ ಹಾಡುಗಳನ್ನು ಫೋನೇ ಹಿಂದುಮುಂದು ಮಾಡಿ ಆರಿಸಿಕೊಳ್ಳುವುದು. ಮಕ್ಕಳು ಒಬ್ಬೊಬ್ಬರೇ ಬಂದು ಕೂರುವಾಗ ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ದನಿ ಕಿವಿಗೆ ಬೀಳಲಿ ಅಂತ.

ಹೋದ ಶ್ರಾವಣದಲ್ಲಿ ಒಂದು ಸಂಜೆ ಶಫಲ್ ಲಲಿತ್ ತಂದು ಹಚ್ಚಿತು. ನಸುಕಿನ ರಾಗ ಅದು. ಪಕ್ಕದ ಮನೆಯ ಅಜ್ಜ ಕಾಂಪೌಂಡಿನ ಆಚೆಯಿಂದಲೇ, "ಅಕ್ಕೋರ, ದೀಪಾ ಹಚ್ಚೂ ಹೊತ್ತಿನ್ಯಾಗ ಲಲಿತ್ ಯಾಕ್ರೀ?" ಅಂದರು. ಅದು ಮುಗಿಯುತ್ತಲೇ ಇನ್ನೂ ಕೆಟ್ಟದ್ದಾಯಿತು. ಒಬ್ಬ ವಿದ್ಯಾರ್ಥಿನಿಯ ರಿಯಾಜಿನ, ಅಂದರೆ ಅಭ್ಯಾಸದ, ರೆಕಾರ್ಡಿಂಗ್ ಶುರುವಾಯಿತು. ತಪ್ಪು ತಿದ್ದಲು ನಾನೇ ಮಾಡಿಕೊಂಡದ್ದು. ತಾನ್, ಅಂದರೆ ಸ್ವರಗಳ ವೇಗದ ಓಟ, ಅದರ ಮಧ್ಯದಲ್ಲಿ ದನಿ ಒಡೆದು, ಅವಳು ಅಳುವಂತಾಗಿ ನಿಲ್ಲಿಸಿದ್ದು, ಎಲ್ಲವೂ ಅದರಲ್ಲಿತ್ತು. ಆರು ಜನರ ಮುಂದೆ ಅದು ಕೇಳಿಸಿತು. ಎರಡು ದಿನ ಆ ಹುಡುಗಿ ಪಾಠಕ್ಕೆ ಬರಲಿಲ್ಲ.

ಅವತ್ತು ರಾತ್ರಿಯೇ ಕೂತು ಎಲ್ಲ ಸರಿ ಮಾಡಿದೆ. ಒಂದು ಮಾತು ಮೊದಲೇ ಹೇಳುತ್ತೇನೆ. ಯಾವುದನ್ನೂ ಅಳಿಸಬೇಡಿ. ಲಲಿತ್ ಕೆಟ್ಟ ಹಾಡಲ್ಲ, ಅದರ ಹೊತ್ತು ಬೇರೆ ಅಷ್ಟೇ. ಬೇಕೆಂದಾಗ ಸಿಗಬೇಕು, ತಾನಾಗಿ ಮೇಲೆ ಬಂದು ಬೀಳಬಾರದು.

ಫೋನಿನಿಂದ ಶುರು ಮಾಡಿ. ಆಂಡ್ರಾಯ್ಡ್‌ನಲ್ಲಿ ಹಾಡಿನ ಫೈಲ್‌ಗಳನ್ನು ಫೋನೇ ಹುಡುಕಿ ಪಟ್ಟಿ ಮಾಡುತ್ತದೆ. ಹೆಚ್ಚಿನ ಪ್ಲೇಯರ್‌ಗಳು ಆ ಪಟ್ಟಿಯನ್ನೇ ನೋಡುತ್ತವೆ. ರಿಯಾಜಿನ ರೆಕಾರ್ಡಿಂಗ್, ಒಂದು ತಾಸಿನ ತಂಬೂರಿ, ತೀನ್‌ತಾಲದ ಠೇಕಾ (ತಬಲಾದ ತಾಳ), ವಾಟ್ಸಾಪಿನಲ್ಲಿ ಬಂದ ಆಡಿಯೊ, ಎಲ್ಲ ಅದರಲ್ಲಿ ಸೇರಿಕೊಳ್ಳುವುದು ಹೀಗೆ. ಬೇಡವಾದವನ್ನೆಲ್ಲ ಒಂದು ಹೊಸ ಫೋಲ್ಡರಿಗೆ ಸರಿಸಿ. ನನ್ನ ಫೋಲ್ಡರಿನ ಹೆಸರು 'ರಿಯಾಜು'. ಅದರೊಳಗೆ ಒಂದು ಖಾಲಿ ಫೈಲ್ ಮಾಡಿ. ಹೆಸರು ಡಾಟ್ ನೋಮೀಡಿಯಾ (.nomedia). ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಮೊದಲು ಚುಕ್ಕೆ, ಆಮೇಲೆ ನಡುವೆ ಜಾಗ ಬಿಡದೆ ಪದ. ಹಿಂದೆ ಟಿಎಕ್ಸ್‌ಟಿ ಅಂತ ಬಾಲ ಉಳಿದಿದ್ದರೆ ಕೆಲಸ ಆಗುವುದಿಲ್ಲ, ನೋಡಿಕೊಳ್ಳಿ. ಹೊಸ ಫೈಲ್ ಮಾಡಲು ಬಿಡುವ ಫೈಲ್ ಮ್ಯಾನೇಜರ್ ಬೇಕು, ಎಲ್ಲವೂ ಬಿಡುವುದಿಲ್ಲ. ಆಮೇಲೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆ ಫೋಲ್ಡರಿನಲ್ಲಿ ಫೋಟೊ ಇದ್ದರೆ ಅವೂ ಗ್ಯಾಲರಿಯಿಂದ ಮರೆಯಾಗುತ್ತವೆ. ಹಾಗಾಗಿ ಆಡಿಯೊ ಮಾತ್ರ ಇಡಿ.

ನನ್ನ ದೊಡ್ಡ ಸಂಗ್ರಹ ಇರುವುದು ಕಂಪ್ಯೂಟರಿನಲ್ಲಿ, ಹಾಡು ಜೋಡಿಸಿ ಕೇಳುವ ಐಟ್ಯೂನ್ಸ್ ಎಂಬ ತಂತ್ರಾಂಶದ ಒಳಗೆ. ಅಲ್ಲಿ ಇದಕ್ಕೆಂದೇ ಒಂದು ಗುರುತು ಇದೆ. ಹಾಡನ್ನು ಆರಿಸಿ ಕಂಟ್ರೋಲ್ ಮತ್ತು ಐ ಒತ್ತಿ. ಆಪ್ಷನ್ಸ್‌ಗೆ ಹೋಗಿ 'ಸ್ಕಿಪ್ ವೆನ್ ಶಫ್ಲಿಂಗ್' ಎಂಬಲ್ಲಿ ಟಿಕ್ ಹಾಕಿ. ಹಾಡನ್ನು ನೀವೇ ಮುಟ್ಟಿದರೆ ಅದು ಹಾಡುತ್ತದೆ, ಶಫಲ್ ಮಾತ್ರ ದಾಟಿಕೊಂಡು ಹೋಗುತ್ತದೆ. ತುಂಬಾ ಹಾಡು ಒಟ್ಟಿಗೆ ಆರಿಸಿ ಒಂದೇ ಸಲ ಟಿಕ್ ಹಾಕಬಹುದು. ಭೈರವಿಗಳಿಗೆಲ್ಲ ನಾನು ಹಾಗೇ ಮಾಡಿದೆ. ಬೈಠಕ್ (ಕಛೇರಿ) ಮುಗಿಸುವ ರಾಗ ಮೂರನೇ ಹಾಡಾಗಿ ಬಂದರೆ ಎದ್ದು ಹೋಗಿ ಅಂದಂತೆ ಅಲ್ವಾ?

ಅದೇ ಆಪ್ಷನ್ಸ್‌ನಲ್ಲಿ ಸ್ಟಾರ್ಟ್, ಸ್ಟಾಪ್ ಅಂತ ಎರಡು ಖಾನೆ ಇವೆ. ರೇಡಿಯೊದಿಂದ ಹಿಡಿದ ಹಳೆಯ ಕ್ಯಾಸೆಟ್‌ಗಳಲ್ಲಿ ಮೊದಲು ಉದ್ಘೋಷಕರ ಮಾತು ಇರುತ್ತದೆ. ಸ್ಟಾರ್ಟ್‌ನಲ್ಲಿ 0:45 ಅಂತ ಬರೆದರೆ ಹಾಡು ನೇರ ಆಲಾಪದಿಂದಲೇ ಶುರು. ಫೈಲಿಗೆ ಕತ್ತರಿ ಬೀಳುವುದಿಲ್ಲ. ಆ ಮಾತೂ ನನಗೆ ಬೇಕು, ಆದ್ದರಿಂದ ಈ ದಾರಿ ಬಹಳ ಇಷ್ಟ. ಈ ಎರಡು ಗುರುತು ಐಟ್ಯೂನ್ಸ್ ಒಳಗೇ ಉಳಿಯುತ್ತವೆ. ಫೈಲನ್ನು ಫೋನಿಗೆ ಕಾಪಿ ಮಾಡಿದರೆ ಜೊತೆಗೆ ಬರುವುದಿಲ್ಲ.

ಸಿಡಿಯಿಂದ ಇಳಿಸಿದವರಿಗೆ ಇನ್ನೊಂದು ತೊಂದರೆ ಇದೆ. ಒಂದೇ ರಾಗದ ವಿಲಂಬಿತ್ (ನಿಧಾನದ ಭಾಗ) ಒಂದು ಟ್ರ್ಯಾಕ್, ದ್ರುತ್ (ವೇಗದ ಭಾಗ) ಇನ್ನೊಂದು. ಶಫಲ್ ದ್ರುತ್ ಮೊದಲು ಹಚ್ಚುತ್ತದೆ. ಊಟಕ್ಕೆ ಕೂತವರಿಗೆ ಮೊದಲೇ ಮಜ್ಜಿಗೆ ಅನ್ನ ಬಡಿಸಿದಂತೆ. ಎರಡಕ್ಕೂ ಗ್ರೂಪಿಂಗ್ ಖಾನೆಯಲ್ಲಿ ಒಂದೇ ಹೆಸರು ಕೊಡಿ. ಆಮೇಲೆ ಕಂಟ್ರೋಲ್ಸ್ ಮೆನುವಿನ ಶಫಲ್‌ನಲ್ಲಿ 'ಗ್ರೂಪಿಂಗ್ಸ್' ಆರಿಸಿ. ಎರಡೂ ಕೂಡಿಯೇ ಬರುತ್ತವೆ. ಗ್ರಾಮೊಫೋನಿನ ಹಳೆಯ 78ರ ತಟ್ಟೆಗಳಿಗೆ ಈ ತಾಪತ್ರಯ ಇಲ್ಲ. ಒಂದು ಬದಿಗೆ ಸುಮಾರು 3 ನಿಮಿಷ, ರಾಗ ಅಷ್ಟರಲ್ಲೇ ಮುಗಿದಿರುತ್ತದೆ. ಶಫಲ್‌ಗೆ ಹೇಳಿ ಮಾಡಿಸಿದಂಥವು.

ಇನ್ನು ಹೊತ್ತಿನ ವಿಷಯ. ಇದಕ್ಕೆ ನನಗೆ ಜಾಸ್ತಿ ದಿನ ಹಿಡಿಯಿತು. ಪ್ರತಿ ಹಾಡಿನ ಕಾಮೆಂಟ್ಸ್ ಖಾನೆಯಲ್ಲಿ ಬೆಳಿಗ್ಗೆ, ಸಂಜೆ, ರಾತ್ರಿ ಅಂತ ಬರೆದೆ. ಮಳೆಗಾಲದ ರಾಗಗಳಾದ ಮಲ್ಹಾರ್‌ಗಳಿಗೆ 'ಮಳೆ'. ಆಮೇಲೆ ಸಂಜೆಗೆಂದು ಸ್ಮಾರ್ಟ್ ಪ್ಲೇಲಿಸ್ಟ್ (ನಿಯಮ ನೋಡಿ ತಾನೇ ತುಂಬಿಕೊಳ್ಳುವ ಪಟ್ಟಿ) ಮಾಡಿ ಮೂರು ನಿಯಮ ಕೊಟ್ಟೆ. ಕಾಮೆಂಟ್ಸ್‌ನಲ್ಲಿ 'ಬೆಳಿಗ್ಗೆ' ಇರಬಾರದು, 'ಮಳೆ' ಇರಬಾರದು, ಅವಧಿ 45 ನಿಮಿಷಕ್ಕಿಂತ ಕಡಿಮೆ ಇರಬೇಕು. 'ಲೈವ್ ಅಪ್‌ಡೇಟಿಂಗ್'ಗೆ ಟಿಕ್ ಹಾಕಿದರೆ, ಕಾಮೆಂಟ್ಸ್‌ನಲ್ಲಿ ಹೊತ್ತು ಬರೆದ ಹೊಸ ಹಾಡು ತಾನೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಸಂಜೆ ಬೆಳಗಿನ ರಾಗ ತೋಡಿ ಬಂತು! ನೋಡಿದರೆ ಕೆಲವಕ್ಕೆ 'ಬೆಳಿಗ್ಗೆ' ಅಂತಲೂ ಕೆಲವಕ್ಕೆ 'ಬೆಳಗ್ಗೆ' ಅಂತಲೂ ಬರೆದಿದ್ದೆ. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದೇ ಕಾಗುಣಿತ ಹಿಡಿದುಕೊಳ್ಳಿ. ಈಗ ನಾನು ಬರೆಯುವುದು ಸುಮ್ನೆ 'ಬೆ' ಅಂತ, ನಿಯಮವನ್ನೂ ಹಾಗೇ ಬದಲಿಸಿದೆ.

ಎಲ್ಲ ಆದ ಮೇಲೆ ಯಾರೂ ಇಲ್ಲದಾಗ ಶಫಲ್ ಹಚ್ಚಿ. ನೆಕ್ಸ್ಟ್ ಒತ್ತುತ್ತ ಮೂವತ್ತು ನಲವತ್ತು ಹಾಡು ದಾಟಿ ನೋಡಿ. ತಪ್ಪಿಸಿಕೊಂಡದ್ದು ಅಲ್ಲೇ ಸಿಗುತ್ತದೆ. ಹೊಸ ರೆಕಾರ್ಡಿಂಗ್ ಮಾಡಿದ ದಿನವೇ ಅದನ್ನು 'ರಿಯಾಜು'ಗೆ ಸರಿಸಿಬಿಡಿ, ನಾಳೆ ಅನ್ನಬೇಡಿ.

ಮೊನ್ನೆ ಆ ಹುಡುಗಿ ಎಲ್ಲರೂ ಹೋದ ಮೇಲೆ ಹಿಂದೆ ಉಳಿದಳು. "ಅಕ್ಕೋರ, ಅವತ್ತಿಂದು ಇನ್ನಾ ಐತೇನ್ರಿ?" ಅಂದಳು. ಫೈಲ್ ಮ್ಯಾನೇಜರಿನಿಂದ ತೆಗೆದು ಹಚ್ಚಿದೆ. ಇಬ್ಬರೇ ಕೂತು ಕೊನೆತನಕ ಕೇಳಿದೆವು. ಆಮೇಲೆ ಅವಳು ತಂಬೂರಿ ಎತ್ತಿಕೊಂಡು ಅದೇ ತಾನ್ ಹಾಡಿದಳು.