ಇಎಂಡಿ ಇಲ್ಲ ಅಂತ ತಿರಸ್ಕಾರವಾಗುತ್ತಿದ್ದ ಬಿಡ್ ಪಾಸಾಗಿದ್ದು ಹೀಗೆ

ನಮ್ಮಕ್ಕನ ಘಟಕದಲ್ಲಿ ಯೂನಿಫಾರ್ಮ್ ಹೊಲಿಯುತ್ತಾರೆ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಬಿಡ್ ಹಾಕಿದರೆ ಇಎಂಡಿ (ಬಿಡ್ ಜೊತೆ ಇಡಬೇಕಾದ ಠೇವಣಿ) ಕಟ್ಟಿಲ್ಲ ಅಂತ ತಾಂತ್ರಿಕ ಹಂತದಲ್ಲೇ ತಿರಸ್ಕಾರ. ಸಣ್ಣ ಉದ್ಯಮಕ್ಕೆ ವಿನಾಯಿತಿ ಇದೆ ಅಲ್ವಾ ಅಂತ ಕಾಗದ ತೆಗೆದು ನೋಡಿದರೆ, ಏಜೆಂಟ್ ಮಾಡಿಸಿಕೊಟ್ಟ ಉದ್ಯಮ್ (ಸಣ್ಣ ಉದ್ಯಮಗಳ ನೋಂದಣಿ) ಪ್ರಮಾಣಪತ್ರದಲ್ಲಿ 'ಟ್ರೇಡಿಂಗ್' ಅಂತಿತ್ತು. ವಿನಾಯಿತಿ ಇರುವುದು ತಯಾರಕರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವವರಿಗಲ್ಲ.

ಉದ್ಯಮ್ ಪೋರ್ಟಲ್‌ನಲ್ಲೇ ಅದನ್ನು 'ಮ್ಯಾನುಫ್ಯಾಕ್ಚರಿಂಗ್' ಅಂತ ಬದಲಿಸಿ, ಉಡುಪು ತಯಾರಿಕೆಯ ಎನ್‌ಐಸಿ ಕೋಡ್ (ಉದ್ಯಮ ಯಾವ ಬಗೆಯದು ಅಂತ ತಿಳಿಸುವ ಸಂಖ್ಯೆ) ಸೇರಿಸಿದೆವು. ಇದಕ್ಕೆ ಶುಲ್ಕವಿಲ್ಲ, ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ. ಜೆಮ್ ಪ್ರೊಫೈಲ್‌ನಲ್ಲೂ ಅಪ್‌ಡೇಟ್ ಮಾಡಿ, ಮುಂದಿನ ಬಿಡ್‌ಗೆ ಹೊಸ ಪ್ರಮಾಣಪತ್ರ ಲಗತ್ತಿಸಿದೆವು. ಪಾಸಾಯಿತು.

ಹೆಣ್ಣುಮಕ್ಕಳು ನಡೆಸುವ ಘಟಕಗಳು ಇದನ್ನು ಖಂಡಿತ ನೋಡಿಕೊಳ್ಳಿ. ಕೇಂದ್ರದ 2012ರ ಖರೀದಿ ನೀತಿಯಲ್ಲಿ ಒಟ್ಟು ಖರೀದಿಯಲ್ಲಿ ಸಣ್ಣ ಉದ್ಯಮಗಳಿಗಿರುವ ಶೇ 25ರ ಪಾಲಿನೊಳಗೆ ಶೇ 3 ಮಹಿಳೆಯರಿಗೆ, ಶೇ 4 ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ ಮೀಸಲು.